ಟೆನ್ಷನ್ ಹಗ್ಗಕ್ಕೆ ಮಾತ್ರ

ನಮ್ಮ ಲ್ಯಾಬಿನಲ್ಲಿ ಒಂದು ಪದಕ್ಕೆ ನಿಷೇಧವಿತ್ತು. ಬೈಗುಳಕ್ಕಲ್ಲ. ಬೈಗುಳ ಮರಾಠಿ, ಹಿಂದಿ, ಕನ್ನಡ, ತುಳು ನಾಲ್ಕರಲ್ಲೂ ಧಾರಾಳವಾಗಿ ನಡೆಯುತ್ತಿತ್ತು. ನಿಷೇಧ ಇದ್ದದ್ದು ‘ಟೆನ್ಷನ್’ ಎಂಬ ಮಾತಿಗೆ. ಹಗ್ಗದ ವಿಷಯದಲ್ಲಿ ಅದನ್ನು ಎಷ್ಟು ಸಲ ಬೇಕಾದರೂ ಹೇಳಬಹುದಿತ್ತು. ಆದರೆ ‘ನನಗೆ ಟೆನ್ಷನ್ ಆಗಿದೆ’ ಎಂದು ಯಾರಾದರೂ ಬಾಯಿಬಿಟ್ಟರೋ, ಅವತ್ತು ಸಂಜೆ ಯಂತ್ರದ ಕೆಳಗೆ ಬಿದ್ದ ತಂತಿಯ ಚೂರುಗಳನ್ನೆಲ್ಲ ಗುಡಿಸಿ ತೆಗೆಯುವ ಕೆಲಸ ಅವರದು.

ಈ ಕಾನೂನು ಮಾಡಿದವರು ಕಳೆದ ತಿಂಗಳು ನಿವೃತ್ತರಾದರು. ಹೆಸರು ಬರೆದರೆ ಅವರು ನಾಲ್ಕು ದಿನ ಮನೆಯಿಂದ ಹೊರಗೆ ಬರುವುದಿಲ್ಲ, ಅಷ್ಟು ಸಂಕೋಚದ ಮನುಷ್ಯ. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ಇಲ್ಲಿಯೂ ಅಣ್ಣ ಎಂದೇ ಇರಲಿ.

ನಾನು ಆ ಕಾರ್ಖಾನೆಗೆ ಸೇರಿದ್ದು ಮದುವೆಯಾಗಿ ಮೈಸೂರಿನಿಂದ ಮುಂಬಯಿ ಹತ್ತಿರದ ಠಾಕುರ್ಲಿಗೆ ಬಂದ ಎರಡನೇ ವರ್ಷ. ಠಾಣೆ ಪಟ್ಟಣದ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಒಳದಾರಿಯಲ್ಲಿ, ಲಿಫ್ಟಿಗೂ ಕ್ರೇನಿಗೂ ಉಕ್ಕಿನ ಹಗ್ಗ ಹೆಣೆಯುವ ಕಾರ್ಖಾನೆ. ಹಗ್ಗ ಗೇಟು ದಾಟುವ ಮೊದಲು ಪ್ರತಿಯೊಂದು ರೀಲಿನಿಂದ ಒಂದೊಂದು ತುಂಡು ಕತ್ತರಿಸಿ ಲ್ಯಾಬಿಗೆ ತರುತ್ತಿದ್ದರು. ಅದರ ಎರಡು ತುದಿಗಳನ್ನು ಯಂತ್ರದ ಎರಡು ದವಡೆಗಳಿಗೆ ಕಚ್ಚಿಸಿ, ಹರಿಯುವ ತನಕ ಎಳೆಯುವುದು ನಮ್ಮ ಕೆಲಸ. ಎಷ್ಟು ಭಾರಕ್ಕೆ ಹರಿಯಿತು ಎಂದು ಗೋಡೆ ಗಡಿಯಾರದಂಥ ದೊಡ್ಡ ಡಯಲಿನಲ್ಲಿ ಮುಳ್ಳು ತೋರಿಸುತ್ತಿತ್ತು. ಅದನ್ನು ಬರೆದುಕೊಂಡು ಸರ್ಟಿಫಿಕೇಟ್ ತಯಾರಿಸಿ, ಅಣ್ಣ ಸಹಿ ಹಾಕಿದರೆ ಹಗ್ಗ ಪಾಸು.

ಮೊದಲ ದಿನ ನಾನು ಅವರನ್ನು ‘ಸರ್’ ಎಂದೆ. ಅವರು ಹಿಂದೆ ತಿರುಗಿ ನೋಡಿ, “ಇಲ್ಲಿ ಯಾರೂ ಇಲ್ಲವಲ್ಲ” ಎಂದರು. ಆಮೇಲೆ ನನ್ನ ಮುಖ ನೋಡಿ, “ಏನು, ಹೆದರಿಕೆಯಾ?” ಎಂದು ಕೇಳಿದರು.

“ಸ್ವಲ್ಪ ಟೆನ್ಷನ್ ಆಗ್ತಾ ಇದೆ ಸರ್, ಮೊದಲನೇ ದಿನ ಅಲ್ವಾ...”

ಲ್ಯಾಬಿನಲ್ಲಿದ್ದ ಮೂವರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಅಣ್ಣ ಬಹಳ ಗೌರವದಿಂದ ಪೊರಕೆ ತಂದು ನನ್ನ ಕೈಗಿಟ್ಟರು. ನನ್ನ ನೌಕರಿ ಶುರುವಾದದ್ದು ಹಾಗೆ.

ಅವರು ಉಡುಪಿಯ ಕಡೆಯವರು. ಅವರ ಅಣ್ಣಂದಿರದು ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು. ಊರಿನಿಂದ ಬಂದ ಹೊಸತರಲ್ಲಿ ಇವರನ್ನೂ ದೋಸೆ ಕಾವಲಿಯ ಮುಂದೆ ನಿಲ್ಲಿಸಿದ್ದರಂತೆ. “ಒಂದು ವರ್ಷ ನಿಂತೆ ಮಾರಾಯ್ತಿ. ಅದು ತಲೆಬಿಸಿ ಅಲ್ಲ, ಇಡೀ ಮೈ ಬಿಸಿ” ಎನ್ನುತ್ತಿದ್ದರು. ಆಮೇಲೆ ಹಗಲು ಹೋಟೆಲು, ಸಂಜೆ ಕ್ಲಾಸು ಎಂದು ಏನೇನೋ ಮಾಡಿ ಈ ಲ್ಯಾಬಿಗೆ ಬಂದು ಸೇರಿದವರು ಮತ್ತೆಲ್ಲಿಗೂ ಹೋಗಲಿಲ್ಲ. ಕುಳ್ಳಗೆ, ಗುಂಡಗೆ, ಅಂಗಿಯ ಎರಡೂ ತೋಳು ಮೊಣಕೈಯ ತನಕ ಮಡಚಿಕೊಂಡು ಇರುತ್ತಿದ್ದರು. ಹಗ್ಗವನ್ನು ಯಂತ್ರಕ್ಕೆ ಹಾಕುವ ಮೊದಲು ಹೆಬ್ಬೆರಳಿನಿಂದ ಒಮ್ಮೆ ನೇವರಿಸುವುದು ಅವರ ಅಭ್ಯಾಸ. ಹಸುವಿನ ಕೊರಳು ತುರಿಸುವವರ ಹಾಗೆ ಕಾಣುತ್ತಿತ್ತು.

ಊಟದ ಹೊತ್ತಿಗೆ ಮಾತಿನ ವ್ಯಾಪಾರ. ನಮ್ಮಲ್ಲಿ ಗದಗಿನ ಕಡೆಯ ಒಬ್ಬ ಫಿಟ್ಟರ್ ಇದ್ದರು. ನಾನು ಮೈಸೂರಿನವಳು, ಅಣ್ಣ ಉಡುಪಿ. ಮೂರೂ ಕನ್ನಡ ಒಂದೇ ಡಬ್ಬಿಯ ಸುತ್ತ ಕೂತುಕೊಳ್ಳುತ್ತಿದ್ದವು. ಒಂದು ದಿನ ಅಣ್ಣ ಕೇಳಿದರು, “ಈ ಟೆನ್ಷನ್ ಬರುವ ಮೊದಲು ನಿಮ್ಮಲ್ಲಿ ಎಂತ ಹೇಳ್ತಿದ್ದರು?”

“ನಮ್ಮಜ್ಜಿ ‘ಯೋಚ್ನೆ ಮಾಡ್ಬೇಡ’ ಅಂತಿದ್ರು” ಎಂದೆ ನಾನು.

“ನಮ್ಮಾಕಡೆ ‘ತಲಿ ಕೆಡಿಸ್ಕೋಬ್ಯಾಡ’ ಅಂತಾರ್ರೀ” ಎಂದರು ಫಿಟ್ಟರ್.

“ನಮ್ಮಲ್ಲಿ ‘ತಲೆಬಿಸಿ ಮಾಡ್ಬೇಡ’. ಈಗ ನೋಡಿ, ಮೈಸೂರಿನವರು ಯೋಚನೆ ಬಿಟ್ಟರು, ನಾವು ತಲೆಬಿಸಿ ಬಿಟ್ಟೆವು, ನೀವು ತಲೆ ಕೆಡಿಸಿಕೊಳ್ಳುವುದು ಬಿಟ್ಟಿರಿ. ಮೂರೂ ಜನ ಸೇರಿ ಠಾಣೆಗೆ ಬಂದು ಟೆನ್ಷನ್ ಹಿಡಕೊಂಡೆವು. ಅದೂ ಸರಿಯಾಗಿ ಹಿಡೀಲಿಲ್ಲ. ನಾವು ಟೆನ್ಷನ್ ‘ಮಾಡಿಕೊಳ್ತೇವೆ’, ಇಲ್ಲಿಯವರು ‘ತಗೊಳ್ತಾರೆ’, ನನ್ನ ಹೆಂಡತಿ ನಾನು ‘ಕೊಡ್ತೇನೆ’ ಅಂತಾಳೆ. ಮಾಡುವುದು, ಕೊಡುವುದು, ತಗೊಳ್ಳುವುದು. ಇದೇನು ಹೋಟೆಲಿನ ಇಡ್ಲಿಯಾ?”

ಅವರ ಪ್ರಕಾರ ಟೆನ್ಷನ್ ಎಂದರೆ ಎಳೆತ, ಬಿಗಿತ. ಉಡುಪಿಯ ಕನ್ನಡ ಶಾಲೆಯಲ್ಲಿ ವಿಜ್ಞಾನದ ಮೇಷ್ಟರು ‘ಕರ್ಷಣ’ ಎಂದು ಕಲಿಸಿದ್ದರಂತೆ. ಆ ಪದ ಅವರಿಗೆ ಇಷ್ಟವಿರಲಿಲ್ಲ, ‘ತಿಂದರೆ ಗಂಟಲಲ್ಲಿ ಸಿಕ್ಕಿಕೊಳ್ತದೆ’ ಎನ್ನುತ್ತಿದ್ದರು. ಮರಾಠಿಯ ‘ತಾಣ್’ ಮೇಲೆ ಮಾತ್ರ ಬಹಳ ಪ್ರೀತಿ. ಹಗ್ಗಕ್ಕೂ ಅದೇ, ಮನಸ್ಸಿಗೂ ಅದೇ, ಒಂದೇ ಅಕ್ಷರದಷ್ಟು ಚಿಕ್ಕದು. ಲ್ಯಾಬಿನವರು ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡು ಬಂದರೆ ಅವರದೊಂದು ಪ್ರಶ್ನೆ ಸಿದ್ಧವಿರುತ್ತಿತ್ತು: “ಆ ತುದಿಯಲ್ಲಿ ಯಾರು ಎಳೀತಾ ಇದ್ದಾರೆ?” ಯಾರಾದರೂ ಎಳೆಯುತ್ತಿದ್ದರೆ ಹೆಸರು ಹೇಳಬೇಕು, ಯಾರೂ ಇಲ್ಲದಿದ್ದರೆ ಅದು ಟೆನ್ಷನ್ನೇ ಅಲ್ಲ, ಹಸಿವು, ಹೋಗಿ ಏನಾದರೂ ತಿನ್ನಬೇಕು. ಈ ಚಿಕಿತ್ಸೆಯಿಂದ ಗುಣವಾದವರು ಅನೇಕರಿದ್ದಾರೆ. ಹೆಚ್ಚಿನವರಿಗೆ ಹಸಿವೇ ಆಗಿತ್ತು.

ಒಮ್ಮೆ ಕಾರ್ಖಾನೆಯ ಮಾಲೀಕರು, ನಮ್ಮ ಸೇಠ್, ಆರೋಗ್ಯ ತಪಾಸಣೆ ಇಡಿಸಿದರು. ತರುಣ ಡಾಕ್ಟರೊಬ್ಬರು ಅಣ್ಣನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಗಂಟಿಕ್ಕಿ, “ಅಂಕಲ್, ಆಪ್ ಕೋ ಹೈಪರ್‌ಟೆನ್ಷನ್ ಹೈ” ಎಂದರು.

ಸಾಲಿನಲ್ಲಿ ನಿಂತಿದ್ದ ನಾವೆಲ್ಲ ಒಂದೇ ಸಲ ‘ಪೊರಕೆ, ಪೊರಕೆ!’ ಎಂದು ಕೂಗಿದೆವು. ಅಣ್ಣ ಕೈಯೆತ್ತಿ ನಮ್ಮನ್ನು ಸುಮ್ಮನಾಗಿಸಿ, ಡಾಕ್ಟರನ್ನು ಶಾಂತವಾಗಿ ವಿಚಾರಣೆ ಮಾಡತೊಡಗಿದರು. ಎಷ್ಟು ಬಂತು? ಎಷ್ಟಿರಬೇಕಿತ್ತು? ಎಷ್ಟಕ್ಕೆ ತುಂಡಾಗುತ್ತದೆ? ಕೊನೆಯ ಪ್ರಶ್ನೆಗೆ ಡಾಕ್ಟರು ಪಟ್ಟಿಯ ಗಾಳಿ ಬಿಟ್ಟರು. ಆಗ ಅಣ್ಣ ಯಂತ್ರವನ್ನು ಎತ್ತಿ ಅಡಿಭಾಗ ತಿರುಗಿಸಿ ನೋಡಿ, “ಇದರ ಕ್ಯಾಲಿಬ್ರೇಷನ್ ಯಾವಾಗ ಆಗಿದೆ?” ಎಂದರು. ಯಂತ್ರ ಸರಿಯಾದ ಅಳತೆ ತೋರಿಸುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಚೀಟಿ ಅಂಟಿಸುವುದು ನಮ್ಮ ಲ್ಯಾಬಿನ ನಿಯಮ. ಡಾಕ್ಟರರ ಯಂತ್ರಕ್ಕೆ ಚೀಟಿ ಇರಲಿಲ್ಲ. ಆ ಹುಡುಗ ಡಾಕ್ಟರು ತಬ್ಬಿಬ್ಬಾಗಿ, ತನ್ನದೇ ತೋಳಿಗೆ ಪಟ್ಟಿ ಸುತ್ತಿಕೊಂಡು ನೋಡಿದರು. ಅವರಿಗೂ ಹೆಚ್ಚೇ ಬಂತು! ಅಣ್ಣ ಅವರಿಗೆ ಉಪ್ಪು ಕಡಿಮೆ ಮಾಡಲು ಹೇಳಿ ಎದ್ದು ಬಂದರು. ಆದರೆ ಮಾರನೆಯ ವಾರದಿಂದ ಅವರ ಊಟದ ಡಬ್ಬಿಯಲ್ಲಿ ಒಂದು ಮಾತ್ರೆ ಇರುತ್ತಿತ್ತು. ಅದನ್ನು ನುಂಗುವಾಗ “ಗ್ರೀಸ್” ಎಂದು ನಮಗೆ ತೋರಿಸಿ ನುಂಗುತ್ತಿದ್ದರು.

ಇಷ್ಟೇ ಆಗಿದ್ದರೆ ಅವರು ಒಬ್ಬ ತಮಾಷೆಯ ಮನುಷ್ಯ, ಅಷ್ಟೇ. ನಾನು ಇದನ್ನು ಬರೆಯುತ್ತಿರುವುದು ಬೇರೊಂದು ದಿನದ ಸಲುವಾಗಿ.

ನಾನು ಸೇರಿ ಐದಾರು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ನವಿ ಮುಂಬಯಿಯ ಕೋಪರ್‌ಖೈರಣೆಯಲ್ಲಿ ಹದಿನಾಲ್ಕು ಮಹಡಿಯ ಒಂದು ವಸತಿ ಸೊಸೈಟಿಯ ಲಿಫ್ಟಿಗೆ ಹೊಸ ಹಗ್ಗ ಹಾಕುವುದಿತ್ತು. ಮೂರು ರೀಲು. ಮೂರು ತುಂಡುಗಳನ್ನು ನಾನೇ ಎಳೆದು, ಅಂಕೆ ಬರೆದು, ಸರ್ಟಿಫಿಕೇಟ್ ಮಾಡಿ, ಅಣ್ಣನ ಸಹಿ ಹಾಕಿಸಿಕೊಂಡಿದ್ದೆ. ಮರುದಿನ ಬೆಳಿಗ್ಗೆ ರೀಲುಗಳು ಟೆಂಪೋದಲ್ಲಿ ಹೊರಟುಹೋದವು. ಆಮೇಲೆ ನಾನು ಹರಿದ ತುಂಡುಗಳ ಪೆಟ್ಟಿಗೆ ಖಾಲಿ ಮಾಡಲು ಹೋದೆ.

ಯಾವ ತುಂಡು ಯಾವ ರೀಲಿನದು ಎಂದು ತಿಳಿಯಲು ಅದರ ಒಂದು ತುದಿಗೆ ಮಾತ್ರ ಬಣ್ಣದ ಗೆರೆ ಎಳೆದಿರುತ್ತಾರೆ. ಮೊದಲ ರೀಲಿಗೆ ಒಂದು ಗೆರೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಪೆಟ್ಟಿಗೆಯಲ್ಲಿ ಒಂದು ಗೆರೆಯ ತುಂಡುಗಳು ಎರಡಿದ್ದವು, ಮೂರು ಗೆರೆಯದು ಒಂದು. ಎರಡು ಗೆರೆಯದು ಇರಲೇ ಇಲ್ಲ. ಪೆಟ್ಟಿಗೆ ಬೋರಲು ಹಾಕಿ, ಮಂಡಿಯೂರಿ ಹುಡುಕಿದೆ. ಇಲ್ಲ. ಕತ್ತರಿಸುವವರು ಒಂದೇ ರೀಲಿನಿಂದ ಎರಡು ತುಂಡು ತಂದಿದ್ದರು, ನಾನು ಗೆರೆ ನೋಡದೆ ಎಳೆದು, ಎರಡನೆಯ ರೀಲಿನ ಮುಂದೆ ಅಂಕೆ ಬರೆದಿದ್ದೆ. ಆ ರೀಲನ್ನು ಯಾರೂ ಎಳೆದೇ ಇರಲಿಲ್ಲ.

ನಿಜ ಹೇಳುತ್ತೇನೆ. ಆ ಚೂರುಗಳನ್ನು ಗುಜರಿ ಡ್ರಮ್ಮಿಗೆ ಸುರಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ನನಗೆ ಹೊಳೆಯಿತು. ಪೆಟ್ಟಿಗೆ ಹಿಡಿದುಕೊಂಡು ಡ್ರಮ್ಮಿನ ತನಕ ಹೋಗಿದ್ದೆ ಕೂಡ. ಅಲ್ಲಿ ನಿಂತಾಗ ನಮ್ಮದೇ ಠಾಕುರ್ಲಿಯ ಲಿಫ್ಟು ಕಣ್ಣಿಗೆ ಬಂತು. ಬೆಳಿಗ್ಗೆ ಶಾಲೆಗೆ ಹೊರಟ ಮಕ್ಕಳು ಅದರೊಳಗೆ ಕುಣಿಯುತ್ತಾರೆ. ಪೆಟ್ಟಿಗೆ ಹೊತ್ತುಕೊಂಡೇ ಅಣ್ಣನ ಮೇಜಿಗೆ ಬಂದು, ಮೇಲೆ ಕುಕ್ಕಿ, ಅಳುವ ಧ್ವನಿಯಲ್ಲಿ ಎಲ್ಲ ಹೇಳಿದೆ.

ಅವರು ಮೂರೂ ಚೂರುಗಳ ಗೆರೆಗಳನ್ನು ಒಂದೊಂದಾಗಿ ನೋಡಿದರು. ರಿಜಿಸ್ಟರ್ ನೋಡಿದರು. ಮೊದಲು ಲಿಫ್ಟ್ ಹಾಕುವ ಕಂಟ್ರಾಕ್ಟರನ ಸೂಪರ್‌ವೈಸರಿಗೆ ಫೋನ್ ಮಾಡಿ, ಎರಡನೆಯ ರೀಲನ್ನು ಮುಟ್ಟಬೇಡಿ ಎಂದರು. ಆ ಕಡೆಯ ಉತ್ತರ ನನಗೂ ಕೇಳಿಸಿತು: “ಸರ್ಟಿಫಿಕೇಟ್ ಹೈ ನಾ? ಫಿರ್ ಕಾಯ್ಕೋ ಟೆನ್ಷನ್ ಲೇತಾ ಹೈ, ಅಣ್ಣಾ?” ಸರ್ಟಿಫಿಕೇಟ್ ಇರುವಾಗ ಟೆನ್ಷನ್ ಯಾಕೆ ಎಂದು ಕೇಳಿ ಫೋನ್ ಕಟ್ ಮಾಡಿದ.

ಅಣ್ಣ ಎದ್ದು, ಕೈ ತೊಳೆದು, ಮಡಚಿದ್ದ ತೋಳುಗಳನ್ನು ಬಿಚ್ಚಿ ಗುಂಡಿ ಹಾಕಿಕೊಂಡರು. “ಏಳು. ರಿಕ್ಷಾದಲ್ಲಿ ಸ್ಟೇಷನ್ನು, ಅಲ್ಲಿಂದ ವಾಶಿ ಟ್ರೇನು. ಊಟದ ಡಬ್ಬಿ ತಗೋ, ಹಸಿವಾದರೆ ಬುದ್ಧಿ ಓಡುದಿಲ್ಲ.”

“ಸೇಠ್‌ಗೆ ಹೇಳೋದು ಬೇಡ್ವಾ ಅಣ್ಣ?”

“ಹೇಳುವ. ಹಗ್ಗ ಲಿಫ್ಟಿಗೆ ಹತ್ತುವ ಮೊದಲು ಹೋಗಬೇಕು. ಸೇಠ್ ಎಲ್ಲಿಗೂ ಹತ್ತುದಿಲ್ಲ, ಇಲ್ಲೇ ಇರ್ತಾರೆ.”

ಟ್ರೇನಿನಲ್ಲಿ ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಐರೋಲಿ ದಾಟುವಾಗ ಸಮುದ್ರದ ಹಿನ್ನೀರಿನ ಖಾಡಿಯ ಕೆಸರಿನಲ್ಲಿ ನಿಂತ ಬಿಳಿ ಕೊಕ್ಕರೆಗಳನ್ನು ತೋರಿಸಿ, ಅವು ಒಂದೇ ಕಾಲಿನಲ್ಲಿ ಯಾಕೆ ನಿಲ್ಲುತ್ತವೆ ಗೊತ್ತಾ ಎಂದು ಕೇಳಿದರು. ನನಗೆ ಅಳು ತಡೆಯುವುದೇ ದೊಡ್ಡ ಕೆಲಸವಾಗಿತ್ತು. ಎಂಥ ನಿಶ್ಚಿಂತ ಮನುಷ್ಯ ಇವರು ಎಂದು ಸ್ವಲ್ಪ ಸಿಟ್ಟೂ ಬಂತು.

ಸೊಸೈಟಿಗೆ ಹೋದಾಗ ಹಳೆಯ ಹಗ್ಗ ತೆಗೆದಾಗಿತ್ತು. ಹೊಸದರ ಒಂದು ರೀಲು ಮೇಲೆ ಹೋಗಿತ್ತು, ಎರಡನೆಯದನ್ನು ಬಿಚ್ಚಲು ಶುರುಮಾಡಿದ್ದರು. ಸೂಪರ್‌ವೈಸರ್ ನಮ್ಮನ್ನು ನೋಡಿದ್ದೇ ಕೂಗಾಡಿದ. ಎರಡು ದಿನದಿಂದ ಲಿಫ್ಟಿಲ್ಲ, ಮೆಂಬರುಗಳು ಜೀವ ತಿನ್ನುತ್ತಿದ್ದಾರೆ, ಸಂಜೆ ಲಿಫ್ಟ್ ಓಡಲೇಬೇಕು ಎಂದ. ಅಣ್ಣ ವಾದ ಮಾಡಲಿಲ್ಲ. ನೇರ ಹೋಗಿ ಆ ರೀಲಿನ ಮೇಲೆ ಕೂತುಬಿಟ್ಟರು. ಕೂತಲ್ಲಿಂದಲೇ ಸೊಸೈಟಿಯ ಸೆಕ್ರೆಟರಿಯನ್ನು ಕರೆಸಿದರು. ಸರ್ಟಿಫಿಕೇಟ್ ಕೇಳಿ ಪಡೆದು, ಪೆನ್ನು ತೆಗೆದು, ತಮ್ಮ ಸಹಿಯ ಮೇಲೆ ಉದ್ದಕ್ಕೆ ಗೆರೆ ಎಳೆದರು.

“ಇದು ನನ್ನ ಸಹಿ. ತಪ್ಪಾಗಿದೆ. ಈ ರೀಲನ್ನು ನಾವು ಪರೀಕ್ಷೆ ಮಾಡಿಲ್ಲ” ಎಂದು ಮರಾಠಿಯಲ್ಲಿ ಹೇಳಿದರು. “ಒಂದು ತುಂಡು ಕತ್ತರಿಸಿ ಕೊಡಿ. ಇವತ್ತು ಸಂಜೆಯೊಳಗೆ ಉತ್ತರ ಹೇಳ್ತೇನೆ. ಅಲ್ಲಿಯ ತನಕ ನಿಮ್ಮ ಮಕ್ಕಳನ್ನು ಇದರ ಮೇಲೆ ನೇತುಹಾಕಬೇಡಿ.”

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕಡೆ ಬೆರಳು ತೋರಿಸುವುದಿರಲಿ, ತಿರುಗಿಯೂ ನೋಡಲಿಲ್ಲ. ಸೆಕ್ರೆಟರಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಅಣ್ಣನನ್ನು ಕನ್ನಡಕದ ಮೇಲಿನಿಂದ ಒಂದು ನಿಮಿಷ ನೋಡಿ, ಸೂಪರ್‌ವೈಸರಿಗೆ, “ಕತ್ತರಿಸಿ ಕೊಡು” ಎಂದರು.

ಅವನ ಆಳುಗಳು ಕತ್ತರಿಸುವಷ್ಟರಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ಅಜ್ಜಿ ಬಂದು, ಲಿಫ್ಟ್ ಇನ್ನೂ ಇಲ್ಲವೇ ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರ ಮನೆ ಹನ್ನೊಂದನೆಯ ಮಹಡಿ. ಅಣ್ಣ “ನನ್ನಿಂದಲೇ ತಡ ಆಯಿತು ಆಜಿ” ಎಂದು ಚೀಲ ಎತ್ತಿಕೊಂಡು, ಅವರ ಜೊತೆ ಪ್ರತಿ ಮಹಡಿಯಲ್ಲೂ ನಿಂತು, ಬದನೆಕಾಯಿ ಆರಿಸುವುದರ ಬಗ್ಗೆ ಚರ್ಚಿಸುತ್ತ ಹತ್ತಿದರು. ಅರ್ಧ ಗಂಟೆಯ ಮೇಲೆ ಬೆವರಿನಲ್ಲಿ ತೊಯ್ದು ಇಳಿದುಬಂದಾಗ ಕೈಯಲ್ಲಿ ಎರಡು ಬೇಸನ್ ಲಾಡು.

ಹಗ್ಗದ ತುಂಡನ್ನು ಮಡಿಲಲ್ಲಿಟ್ಟುಕೊಂಡು ಟ್ರೇನಿನಲ್ಲಿ ಮರಳಿದೆವು. ಲ್ಯಾಬಿನಲ್ಲಿ ಅವರೇ ಅದನ್ನು ದವಡೆಗಳಿಗೆ ಕಚ್ಚಿಸಿದರು, ಯಂತ್ರವನ್ನು ನನ್ನಿಂದ ಚಾಲೂ ಮಾಡಿಸಿದರು. ಮುಳ್ಳು ಮೆಲ್ಲನೆ ಏರತೊಡಗಿತು. ಬೇಕಾದ ಗುರುತಿನ ಹತ್ತಿರ ಬರುವಾಗ ನಾನು ಕಣ್ಣು ಮುಚ್ಚಿಕೊಂಡೆ. “ಕಣ್ಣು ಬಿಡು, ಓದುವವಳು ನೀನು” ಎಂದರು. ಬಿಟ್ಟೆ. ಮುಳ್ಳು ಗುರುತು ದಾಟಿತು. ಇನ್ನೂ ಏರಿತು. ಆಮೇಲೆ ಗುಂಡು ಹೊಡೆದಂಥ ಸದ್ದಿನೊಂದಿಗೆ ಹಗ್ಗ ಹರಿಯಿತು. ಪಾಸು. ಧಾರಾಳವಾಗಿ ಪಾಸು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ. “ನಿಮ್ಮನ್ನ ಸುಮ್ಮನೆ ಅಷ್ಟು ದೂರ ಓಡಿಸಿದೆ ಅಣ್ಣ, ಹಗ್ಗ ಗಟ್ಟಿಯಾಗೇ ಇತ್ತು.”

“ಹಗ್ಗ ಗಟ್ಟಿ ಇದ್ದದ್ದು ಹಗ್ಗದ ಪುಣ್ಯ, ನಮ್ಮದಲ್ಲ” ಎಂದರು ಅಣ್ಣ. “ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಬರೆದಿದ್ದೆವು. ಹೋದದ್ದು ಅದಕ್ಕೆ.” ಒಂದು ಲಾಡು ನನಗೆ ಕೊಟ್ಟು, ಇನ್ನೊಂದನ್ನು ಬಾಯಿಗೆ ಹಾಕಿಕೊಂಡು, ಸೆಕ್ರೆಟರಿಗೆ ಫೋನ್ ಮಾಡಲು ಹೋದರು.

ಮರುದಿನ ಬೆಳಿಗ್ಗೆ ಸೇಠ್ ಅವರನ್ನು ಒಳಗೆ ಕರೆದರು. ಅಣ್ಣ ಯಾವತ್ತಿನಂತೆ ಏನೋ ಗುನುಗುತ್ತ ಬಂದು, ನನ್ನನ್ನು “ತಿಂಡಿ ಆಯ್ತಾ?” ಎಂದು ವಿಚಾರಿಸಿ, ಗುನುಗುತ್ತಲೇ ಕ್ಯಾಬಿನ್ನಿಗೆ ಹೋದರು. ಗಾಜಿನ ಆಚೆ ಸೇಠ್ ಕೈ ಬೀಸಿ ಬೀಸಿ ಮಾತಾಡುವುದು ಕಾಣಿಸುತ್ತಿತ್ತು. ಅಣ್ಣ ನಿಂತೇ ಇದ್ದರು. ಹೊರಗೆ ಬಂದವರು ಹೇಳಿದ್ದು ಇಷ್ಟೇ: “ಇನ್ನು ಮುಂದೆ ಸರ್ಟಿಫಿಕೇಟ್ ಹೊರಡುವ ತನಕ ಹರಿದ ತುಂಡುಗಳನ್ನು ಕಟ್ಟಿ ರಿಜಿಸ್ಟರಿನ ಜೊತೆ ಇಡಬೇಕಂತೆ. ಒಳ್ಳೆ ಐಡಿಯಾ. ನಮ್ಮ ಸೇಠ್‌ಗೆ ತಲೆ ಉಂಟು.” ಯಾರು ಎಳೆದದ್ದು ಎಂದು ಸೇಠ್ ಕೇಳಿದರೇ ಎಂದೆ. “ಕೇಳಿದರು. ಲ್ಯಾಬು ಅಂದೆ” ಎಂದರು. ಆ ವರ್ಷವೇ ನಾನು ಕಾಯಂ ಆದೆ. ಅಂಥ ಧೈರ್ಯ ದೇವರು ಕೆಲವರಿಗೆ ಹುಟ್ಟುವಾಗಲೇ ಕೊಟ್ಟಿರುತ್ತಾನೆ ಎಂದು ಅಂದುಕೊಂಡಿದ್ದೆ, ಇಷ್ಟು ವರ್ಷ.

ಕಳೆದ ತಿಂಗಳು ಅವರ ಬೀಳ್ಕೊಡುಗೆ. ಕ್ಯಾಂಟೀನಿನಲ್ಲಿ ಕುರ್ಚಿ ಹಾಕಿ, ಶಾಲು, ಹೂಗುಚ್ಛ, ಸಮೋಸ. ಅವರ ಹೆಂಡತಿಯೂ ಬಂದಿದ್ದರು. ನಾನು ಅತ್ತಿಗೆ ಎಂದು ಕರೆಯುತ್ತೇನೆ. ತೆಳ್ಳಗೆ, ಎತ್ತರ, ಕಡಿಮೆ ಮಾತು. ಎಲ್ಲರ ಭಾಷಣ ಮುಗಿದು ಅಣ್ಣನ ಕೈಗೆ ಮೈಕು ಕೊಟ್ಟರು. ಲ್ಯಾಬಿನಲ್ಲಿ ದಿನವಿಡೀ ಮಾತಾಡುತ್ತಿದ್ದ ಮನುಷ್ಯ “ನಮಸ್ಕಾರ್” ಎಂದು ನಿಂತುಬಿಟ್ಟರು. ಮೈಕು ಹಿಡಿದ ಕೈ ಗಡಗಡ ನಡುಗುತ್ತಿತ್ತು. ನಾವೆಲ್ಲ ಮೊದಲು ತಮಾಷೆ ಎಂದುಕೊಂಡೆವು. ತಮಾಷೆಯಲ್ಲ ಎಂದು ತಿಳಿಯುವಷ್ಟರಲ್ಲಿ ಅತ್ತಿಗೆ ಎದ್ದುಬಂದು ಮೈಕು ತೆಗೆದುಕೊಂಡರು.

“ಇವರು ನಿಮಗೆಲ್ಲ ಟೆನ್ಷನ್ ತಗೊಳ್ಳಬೇಡಿ ಅಂತ ಹೇಳ್ತಿದ್ದರಂತೆ” ಎಂದರು ಮರಾಠಿಯಲ್ಲಿ. “ನೀವು ತಗೊಳ್ಳದೆ ಬಿಟ್ಟದ್ದನ್ನೆಲ್ಲ ದಿನಾ ಸಂಜೆ ಮನೆಗೆ ತರ್ತಿದ್ದರು. ನಿಮಗೆ ತುಂಬ ಉಪಕಾರ ಆಯಿತು.”

ಕ್ಯಾಂಟೀನು ಬಿದ್ದುಬಿದ್ದು ನಕ್ಕಿತು. ಸೇಠ್ ಕಣ್ಣೊರೆಸಿಕೊಂಡು ನಕ್ಕರು. ಅಣ್ಣನೂ ನಕ್ಕರು, ಕಿವಿ ಕೆಂಪಾಗಿತ್ತು.

ವಾಪಸು ಹೋಗುವಾಗ ಠಾಣೆಯಲ್ಲಿ ಅಣ್ಣ ಟ್ರೇನಿನ ಜನರಲ್ ಡಬ್ಬಿ ಹತ್ತಿದರು, ನಾನೂ ಅತ್ತಿಗೆಯೂ ಲೇಡೀಸ್ ಡಬ್ಬಿ. ಮುಂಬ್ರಾ ದಾಟುವಾಗ ಕೂರಲು ಜಾಗ ಸಿಕ್ಕಿತು. ನಾನು ಹೇಳಿದೆ, “ಅಣ್ಣನ ಕೈ ನಡುಗಿದ್ದು ಇವತ್ತೇ ನೋಡಿದ್ದು ಅತ್ತಿಗೆ. ಕೋಪರ್‌ಖೈರಣೆಗೆ ಹೋದ ದಿನ ಕೂಡ ಎಷ್ಟು ಆರಾಮಾಗಿದ್ರು!”

ಅತ್ತಿಗೆ ನನ್ನ ಮುಖವನ್ನೇ ನೋಡಿದರು. “ಆರಾಮಾ? ಆ ದಿನ ಮನೆಗೆ ಬಂದವರು ಊಟ ಮಾಡ್ಲಿಲ್ಲ. ಬೆಳಿಗ್ಗೆ ಎದ್ದು ರಾಜೀನಾಮೆ ಬರೀಲಿಕ್ಕೆ ಕೂತರು. ಮಗಳಿಗೆ ಕಾಲೇಜು ಹುಡುಕುವ ವರ್ಷ ಅದು. ಕೈ ಹೇಗೆ ನಡುಗ್ತಿತ್ತು ಅಂದ್ರೆ ಅಕ್ಷರವೇ ಆಗ್ಲಿಲ್ಲ. ಕಡೆಗೆ ಅವರು ಹೇಳಿದರು, ನಾನು ಬರೆದೆ. ಸೇಠ್ ಹುಡುಗಿಯನ್ನು ಕೆಲಸದಿಂದ ತೆಗೀತೇನೆ ಅಂದ್ರೆ ಮಾತ್ರ ಕೊಡುವುದು ಅಂತ ಕಿಸೆಯಲ್ಲಿ ಇಟ್ಟುಕೊಂಡು ಹೋದರು.”

“ಏನಂತ ಬರೆದಿದ್ರಿ?” ಎಂದೆ.

“ತಪ್ಪು ನನ್ನದು, ಅವಳು ಹೊಸಬಳು, ಅವಳಾಗಿಯೇ ಬಂದು ಹೇಳಿದಳು, ಅಂಥವರು ಸಿಗುದಿಲ್ಲ, ಅವಳು ಇರಲಿ, ನಾನು ಹೋಗ್ತೇನೆ ಅಂತ. ಕೊಡುವ ಪ್ರಸಂಗ ಬರಲಿಲ್ಲ. ಸಂಜೆ ಅಂಗಿ ಒಗೆಯಲಿಕ್ಕೆ ಹಾಕುವಾಗ ಕಿಸೆಯಲ್ಲಿ ಸಿಕ್ಕಿತು. ಬಿಚ್ಚಿ ನೋಡ್ತೇನೆ...” ಅತ್ತಿಗೆಗೆ ನಗು ಉಕ್ಕಿಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ನಾನು ಬರೆದದ್ದು ಕನ್ನಡದಲ್ಲಿ ಮಾರಾಯ್ತಿ! ಅವರು ಕನ್ನಡದಲ್ಲಿ ಹೇಳಿದರು, ನಾನು ಹಾಗೇ ಬರೆದೆ. ಇಬ್ಬರಿಗೂ ಗೊತ್ತಾಗಲೇ ಇಲ್ಲ. ಕೊಟ್ಟಿದ್ದರೂ ಆ ಸೇಠ್‌ಗೆ ಓದಲಿಕ್ಕೆ ಎಲ್ಲಿ ಬರ್ತದೆ?”

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ, ಎದುರು ಸೀಟಿನ ಹೆಂಗಸು ನೀರಿನ ಬಾಟಲಿ ಚಾಚಿದಳು. ಅಷ್ಟರಲ್ಲಿ ಡೊಂಬಿವಲಿ ಬಂತು. ಅತ್ತಿಗೆ ನನ್ನ ಕೆನ್ನೆ ತಟ್ಟಿ, ಗುಂಪಿನೊಂದಿಗೆ ಇಳಿದುಹೋದರು. ನಾನು ಕಿಟಕಿಗೆ ಮುಖ ಒತ್ತಿ ನೋಡಿದೆ. ಪ್ಲಾಟ್‌ಫಾರ್ಮಿನ ಜನಜಂಗುಳಿಯಲ್ಲಿ ಅಣ್ಣ ಹೆಗಲಿನಿಂದ ಶಾಲು ಜಾರುತ್ತಿದ್ದಂತೆಯೇ, ಹೂಗುಚ್ಛವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಲೇಡೀಸ್ ಡಬ್ಬಿಯ ಬಾಗಿಲುಗಳಲ್ಲೆಲ್ಲ ಇಣುಕುತ್ತ, ಹೆಂಡತಿಯನ್ನು ಹುಡುಕುತ್ತ ಓಡಾಡುತ್ತಿದ್ದರು. ಹತ್ತು ಹೆಜ್ಜೆ ಆಚೆ, ಕಂಬದ ಪಕ್ಕದಲ್ಲಿ ಅತ್ತಿಗೆ ನಿಂತಿದ್ದರು. ಕರೆಯುತ್ತಿರಲಿಲ್ಲ. ಅವರನ್ನೇ ನೋಡುತ್ತ ನಗುತ್ತಿದ್ದರು.